ಮಾರ್ಜಿನ್ನಿನಲ್ಲಿ ಬರೆದದ್ದು

ಫೆಬ್ರವರಿ ೧೧

ಅಕ್ಕಾ,

"ಏನಿದ್ರೂ ಬರೆದು ಕಳ್ಸು, ಫೋನಲ್ಲಿ ನಿನ್ ಜೊತೆ ಮಾತಾಡೋಕೆ ನನಗೆ ಸಂದೇ ಸಿಗಲ್ಲ" ಎಂದು ಹೇಳಿ ಫೋನು ಕುಕ್ಕಿದೆಯಲ್ಲ, ಸರಿ, ಬರೆಯುತ್ತಿದ್ದೇನೆ. ಒಂದೇ ಊರಿನಲ್ಲಿ, ಇಪ್ಪತ್ತು ನಿಮಿಷದ ಬಸ್ಸಿನ ದಾರಿಯಲ್ಲಿರುವ ಅಕ್ಕತಂಗಿಯರು ಅಂಚೆಚೀಟಿ ಅಂಟಿಸಿಕೊಂಡು ಜಗಳವಾಡುವುದು ನಮ್ಮ ಮನೆಯಲ್ಲಿ ಮಾತ್ರ ಸಾಧ್ಯ.

ಇವತ್ತಿನ ಪತ್ರಿಕೆಯ ಆರನೇ ಪುಟ ನೋಡಿದೆ. ಓದುಗರ ಪತ್ರಗಳಲ್ಲಿ ಮೊದಲನೆಯದು: "ಸಂಬಳ ಏರಿದರೆ ಪಾಠವೂ ಏರುತ್ತದೆಯೇ?" ಕೆಳಗೆ ಹೆಸರಿಲ್ಲ, ನಿವೃತ್ತ ಶಿಕ್ಷಕಿ ಅಂತಷ್ಟೇ ಇದೆ. ಹೆಸರು ಬೇರೆ ಬೇಕಾ? ಸರ್ಕಾರಕ್ಕೆ ಹತ್ತಕ್ಕೆ ನಾಲ್ಕು, ಶಿಕ್ಷಕರ ಸಂಘಕ್ಕೆ ಹತ್ತಕ್ಕೆ ಎರಡು ಅಂತ ಅಂಕ ಕೊಟ್ಟು ಪತ್ರ ಮುಗಿಸುವವರು ಈ ಭೂಮಿಯ ಮೇಲೆ ನಿನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ನಮ್ಮ ಹೆಡ್‌ಮಾಸ್ಟರು ಅದನ್ನು ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿದರು. ಸಂಘದ ಕಾರ್ಯದರ್ಶಿಯಾದ ನಾನು ಟೀ ಲೋಟ ಹಿಡಿದುಕೊಂಡು ನನ್ನ ಒಡಹುಟ್ಟಿದವಳ ಉಪದೇಶ ಕೇಳಿಸಿಕೊಂಡೆ.

ಆರು ವರ್ಷದಿಂದ ನಮ್ಮ ಸಂಬಳ ಕದಲಿಲ್ಲ. ಅಷ್ಟರಲ್ಲಿ ಬಸ್ ದರ ಮೂರು ಸಲ, ಸಲಕ್ಕೆ ಹತ್ತು ಪರ್ಸೆಂಟಿನ ಹಾಗೆ, ಒಟ್ಟು ಮೂವತ್ತು ಪರ್ಸೆಂಟ್ ಏರಿದೆ. ನನ್ನ ಪಕ್ಕದ ಟೇಬಲ್ಲಿನ ವಿಜ್ಞಾನದ ಮೇಷ್ಟರು ಶಾಲೆ ಬಿಟ್ಟ ಮೇಲೆ ಔಷಧದ ಅಂಗಡಿಯಲ್ಲಿ ನಿಂತು ಮಾತ್ರೆ ಎಣಿಸಿಕೊಡುತ್ತಾರೆ. ತಾತ್ಕಾಲಿಕ ಶಿಕ್ಷಕಿಯರಿಗೆ ರಜೆಯ ಎರಡು ತಿಂಗಳು ಸಂಬಳವೇ ಇಲ್ಲ. ಇದೆಲ್ಲ ನಿನಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದೂ ಬರೆದೆಯಲ್ಲ, ಅದಕ್ಕೇ ಹೊಟ್ಟೆ ಉರಿಯುತ್ತಿದೆ.

ಮುಂದಿನ ಸಲ ಹೆಸರು ಹಾಕಿ ಬರಿ.

ನಿನ್ನ,
ಚೋಟು


ಫೆಬ್ರವರಿ ೧೫

ಚೋಟು,

ಪತ್ರ ತಲುಪಿತು. ಅಂಚೆಚೀಟಿ ಓರೆ.

ಮೊದಲು ನಿನ್ನ ಲೆಕ್ಕ. ಮೂರು ಸಲ ಹತ್ತು ಏರಿದರೆ ಮೂವತ್ತಲ್ಲ. ಎರಡನೇ ಸಲದ ಹತ್ತು ಹೊಸ ದರದ ಮೇಲೆ ಬೀಳುತ್ತದೆ, ಹಳೆಯದರ ಮೇಲಲ್ಲ. ಒಟ್ಟು ಮೂವತ್ತಮೂರು ಚಿಲ್ಲರೆ. ನಿನ್ನ ಸಂಕಟವನ್ನೇ ನೀನು ಕಡಿಮೆ ಹೇಳಿಕೊಂಡಿದ್ದೀಯ. ಏಳನೇ ಕ್ಲಾಸಿನಲ್ಲೂ ಚಕ್ರಬಡ್ಡಿಯಲ್ಲಿ ಇದೇ ತಪ್ಪು ಮಾಡುತ್ತಿದ್ದೆ. ಅದಕ್ಕೇ ನೀನು ಚರಿತ್ರೆ ಪಾಠ ಮಾಡುವವಳಾದೆ.

ಈಗ ಚರಿತ್ರೆಗೇ ಬರುತ್ತೇನೆ. ಇಪ್ಪತ್ತೆಂಟು ವರ್ಷದ ಹಿಂದೆ ಇದೇ ನಿನ್ನ ಸಂಘ ನಲವತ್ತೊಂದು ದಿನ ಮುಷ್ಕರ ಮಾಡಿತು. ನೀನಾಗ ಶಿಕ್ಷಕರ ತರಬೇತಿಗೆ ಸೇರಿ ಎರಡು ತಿಂಗಳಾಗಿತ್ತು. ನಾನು ತಾತ್ಕಾಲಿಕ ಶಿಕ್ಷಕಿ. ನಲವತ್ತೊಂದು ದಿನವೂ ಬಿಸಿಲಲ್ಲಿ ಕೂತೆ. ಒಪ್ಪಂದದಲ್ಲಿ ಮೂರನೇ ಕಲಮು ನಮ್ಮದು, ತಾತ್ಕಾಲಿಕರನ್ನು ಕಾಯಂ ಮಾಡುವುದು. ಕೊನೆಯ ದಿನ ಮುಖಂಡರು ಒಳಗೆ ಹೋದರು, ಮೂರನೇ ಕಲಮು ಬಿಟ್ಟುಕೊಟ್ಟು ಮಿಕ್ಕದ್ದಕ್ಕೆ ಸಹಿ ಹಾಕಿ, ನಗುತ್ತಾ ಹೊರಗೆ ಬಂದರು. ಗೇಟಿನ ಹತ್ತಿರ ನನಗೂ ಸಿಹಿ ಹಂಚಿದರು. ತಿಂದೆ. ಏನಾಗಿದೆ ಎಂದು ಮರುದಿನ ಗೊತ್ತಾಯಿತು. ಅದಾದ ಮೇಲೆ ಹನ್ನೊಂದು ವರ್ಷ ತಾತ್ಕಾಲಿಕಳಾಗಿಯೇ ಇದ್ದೆ.

ಹತ್ತಕ್ಕೆ ಎರಡು ಕೊಟ್ಟಿದ್ದು ಉದಾರವಾಯಿತು.

ನಿನ್ನ ಅಕ್ಕ


ಮಾರ್ಚ್ ೫

ಅಕ್ಕಾ,

ಆ ಕಥೆ ಗೊತ್ತು. ನೀನು ಹೇಳಲಿಲ್ಲ, ಬೇರೆಯವರಿಂದ ಕೇಳಿದೆ. ಈ ಸಲದ ಬೇಡಿಕೆಪಟ್ಟಿಯಲ್ಲೂ ಮೂರನೇ ಕಲಮು ಅದೇ. ಅದನ್ನು ಅದೇ ಜಾಗದಲ್ಲಿ ಬರೆಸಿದ್ದು ನಾನು. ಯಾಕೆ ಅಂತ ಯಾರಿಗೂ ಹೇಳಿಲ್ಲ.

ನಿನ್ನೆ ಸಂಘದ ಸಭೆಯಲ್ಲಿ ತೀರ್ಮಾನವಾಯಿತು. ಪಾಠ ನಿಲ್ಲಿಸುವುದಿಲ್ಲ, ಪರೀಕ್ಷೆ ನಡೆಸಿಕೊಡುತ್ತೇವೆ, ಆದರೆ ಉತ್ತರಪತ್ರಿಕೆ ಮುಟ್ಟುವುದಿಲ್ಲ. ನಾವು ಮೌಲ್ಯಮಾಪನ ಮಾಡದಿದ್ದರೆ ಫಲಿತಾಂಶ ಬರುವುದಿಲ್ಲ. ಆಗಲಾದರೂ ಮಾತುಕತೆಗೆ ಕರೆಯುತ್ತಾರೆ. ನಮ್ಮ ಕೈಯಲ್ಲಿರುವುದು ಇದೊಂದೇ.

ಇಲಾಖೆಯವರು ನಿವೃತ್ತರನ್ನು ಕರೆಸುತ್ತಾರೆ ಎಂಬ ಸುದ್ದಿ ಇದೆ. ಕರೆದರೆ ಹೋಗಬೇಡ. ಒಪ್ಪು ಅಂತ ಕೇಳುತ್ತಿಲ್ಲ, ಮನೆಯಲ್ಲಿರು ಅಂತ ಕೇಳುತ್ತಿದ್ದೇನೆ. ಅಷ್ಟೂ ಆಗುವುದಿಲ್ಲವಾ ನಿನಗೆ?

ಚೋಟು


ಮಾರ್ಚ್ ೧೨

ಚೋಟು,

ಇಲಾಖೆಯ ಕಾಗದ ಬಂತು. ಒಪ್ಪಿಗೆ ಬರೆದು ಕಳಿಸಿದೆ.

ಕಾರಣ ಕೇಳಬೇಡ ಅಂದರೂ ಕೇಳುತ್ತೀಯ, ಆದ್ದರಿಂದ ಹೇಳುತ್ತೇನೆ. ಎರಡೂವರೆ ಗಂಟೆ ಬರೆದ ಮಗು ಫಲಿತಾಂಶಕ್ಕೆ ಕಾಯುತ್ತದೆ. ಅದಕ್ಕೂ ನಿನ್ನ ಬಸ್ ದರಕ್ಕೂ ಸಂಬಂಧವಿಲ್ಲ. ನಿಮ್ಮ ಜಗಳ ಕಟ್ಟಡದ ಮೇಲಿನ ಮಹಡಿಯವರ ಜೊತೆ, ನೀವು ಬೀಗ ಹಾಕಿರುವುದು ಕೆಳಗಿನ ಮಕ್ಕಳಿಗೆ.

ಇನ್ನೊಂದು ಕಾರಣವೂ ಇದೆ. ಎರಡು ವರ್ಷದಿಂದ ನನ್ನ ಕೈಗೆ ತಿದ್ದುವುದಕ್ಕೆ ಯಾರೂ ಏನೂ ಕೊಟ್ಟಿಲ್ಲ. ಕೆಳಗಿನ ಸ್ಟೇಷನರಿ ಅಂಗಡಿಯವನು ಬಿಲ್ಲು ಬರೆಯುವಾಗ ತಪ್ಪು ಕೂಡಲಿ ಎಂದು ಕಾಯುತ್ತಾ ನಿಲ್ಲುತ್ತೇನೆ. ನಗು ಬಂದರೆ ನಗು. ನಿನ್ನೆ ಅವನಿಂದಲೇ ನಾಲ್ಕು ಕೆಂಪು ಪೆನ್ನು ಕೊಂಡೆ.

ನಿನ್ನ ಅಕ್ಕ


ಮಾರ್ಚ್ ೨೮

ಅಕ್ಕಾ,

ಮೊನ್ನೆ ಮೌಲ್ಯಮಾಪನ ಕೇಂದ್ರದ ಗೇಟಿನಲ್ಲಿ ನಾವು ಎರಡು ಸಾಲಾಗಿ ನಿಂತಿದ್ದೆವು. ಕೂಗಬಾರದು, ಮುಟ್ಟಬಾರದು, ಬರೀ ನಿಂತಿರಬೇಕು ಅಂತ ನಾನೇ ಎಲ್ಲರಿಗೂ ಹೇಳಿದ್ದೆ. ಮಿಕ್ಕ ನಿವೃತ್ತರು ಇಲಾಖೆಯ ವ್ಯಾನಿನಲ್ಲಿ ತಲೆ ತಗ್ಗಿಸಿಕೊಂಡು ಒಳಗೆ ಹೋದರು. ನೀನೊಬ್ಬಳು ಬಸ್ಸಿಳಿದು, ನಡೆದುಕೊಂಡು, ಕೊಡೆ ಹಿಡಿದು, ನಮ್ಮ ಮಧ್ಯದಿಂದಲೇ ಬಂದೆ. ನಮ್ಮ ಸಾಲನ್ನು ಬೆಳಗಿನ ಪ್ರಾರ್ಥನೆಗೆ ನಿಂತ ಮಕ್ಕಳನ್ನು ನೋಡುವ ಹಾಗೆ ನೋಡಿದೆ. ಒಬ್ಬಳಿಗೆ "ನೆಟ್ಟಗೆ ನಿಂತ್ಕೊಳಮ್ಮಾ" ಅಂತಲೂ ಅಂದೆ. ಅವಳು ನಿಂತಳು ಕೂಡ!

ನನ್ನ ಪಕ್ಕ ಒಬ್ಬ ತಾತ್ಕಾಲಿಕ ಶಿಕ್ಷಕಿ ಇದ್ದಳು. ಕೆಲಸಕ್ಕೆ ಸೇರಿ ಮೂರು ವರ್ಷ, ಇನ್ನೂ ಚಿಕ್ಕ ಹುಡುಗಿಯ ಹಾಗಿದ್ದಾಳೆ. "ಮೇಡಂ, ಅವರು ನಿಮ್ಮಕ್ಕ ಅಲ್ವಾ?" ಅಂದಳು.

"ಅಲ್ಲ" ಅಂದೆ.

ಯಾರಾದರೂ ನಿನಗೆ ಹೇಳುವ ಮೊದಲು ನಾನೇ ಹೇಳೋಣ ಅಂತ ಬರೆಯುತ್ತಿದ್ದೇನೆ. ಹಾಗಂದಿದ್ದಕ್ಕೆ ನನಗೆ ಪಶ್ಚಾತ್ತಾಪವೂ ಇಲ್ಲ. ನೀನು ಆ ಗೇಟು ದಾಟಿದ ಮೇಲೆ ನನಗೆ ಅಕ್ಕ ಇಲ್ಲ.

ಕಾರ್ಯದರ್ಶಿ


ಮಾರ್ಚ್ ೩೦

ಯಾರೂ ಹೇಳಬೇಕಾಗಿರಲಿಲ್ಲ. ನಾನು ಎರಡು ಮಾರು ದೂರದಲ್ಲಿದ್ದೆ. ಕೇಳಿಸಿತು.

ಇನ್ನೊಂದು. ಎರಡನೇ ಸಾಲಿನಲ್ಲಿ ಹಿಡಿದಿದ್ದ ಬೋರ್ಡು ತಲೆಕೆಳಗಾಗಿತ್ತು.

ನಿವೃತ್ತ ಗಣಿತ ಶಿಕ್ಷಕಿ


ಏಪ್ರಿಲ್ ೨೪

ಅಕ್ಕಾ,

ಫಲಿತಾಂಶ ಬಂದು ಹತ್ತು ದಿನವಾಯಿತು. ನಿಮ್ಮ ಮೂವತ್ತಾರು ಜನ ಸೇರಿ ನಮ್ಮ ಕೈಯಲ್ಲಿದ್ದ ಒಂದೇ ಕೋಲನ್ನು ಮುರಿದು ಒಲೆಗೆ ಹಾಕಿದಿರಿ. ಮಾತುಕತೆ ಇಲ್ಲ ಅಂದರು. ಇಪ್ಪತ್ತಮೂರು ತಾತ್ಕಾಲಿಕ ಶಿಕ್ಷಕರಿಗೆ ಜೂನ್ ಒಂದರಿಂದ ಕೆಲಸಕ್ಕೆ ಬರಬೇಡಿ ಅಂತ ನೋಟಿಸ್ ಬಂದಿದೆ. ಗೇಟಿನಲ್ಲಿ ನನ್ನನ್ನು ಕೇಳಿದ ಆ ಹುಡುಗಿಗೂ ಬಂದಿದೆ. ಅದಿರಲಿ. ಅದಕ್ಕೆ ಬರೆಯುತ್ತಿಲ್ಲ.

ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವವಳೊಬ್ಬಳು ಇದ್ದಾಳೆ. ಅವಳ ಮಗಳು ಗಣಿತದಲ್ಲಿ ಮೂರು ಅಂಕಕ್ಕೆ ಫೇಲಾದಳು. ಅರ್ಜಿ ಹಾಕಿ ಉತ್ತರಪತ್ರಿಕೆಯ ನಕಲು ತರಿಸಿಕೊಂಡಿದ್ದಾರೆ. ನಿನ್ನೆ ಆ ತಾಯಿ ಅದನ್ನು ನನ್ನ ಹತ್ತಿರ ತಂದಳು. ಮರುಎಣಿಕೆಗೆ ಸಹಾಯ ಕೇಳುವುದಕ್ಕೆ ಬಂದಳೇನೋ ಅಂದುಕೊಂಡೆ. ಅಲ್ಲ, ತೋರಿಸುವುದಕ್ಕೆ ಬಂದಿದ್ದಳು. "ನೋಡಿ ಮೇಡಂ, ಯಾರೋ ಪುಣ್ಯಾತ್ಮರು ನಮ್ ಹುಡ್ಗಿಗೆ ಇಷ್ಟುದ್ದ ಬರೆದಿದಾರೆ. ಇದನ್ನ ನೋಡ್ಕೊಂಡು ಮತ್ತೆ ಮಾಡಿದ್ಲು, ಸರಿ ಬಂತು" ಅಂದಳು.

ಚಕ್ರಬಡ್ಡಿಯ ಲೆಕ್ಕ. ಮಾರ್ಜಿನ್ನಿನಲ್ಲಿ ಬರೆದಿತ್ತು: "ಎರಡನೇ ವರ್ಷ ಹೊಸದರ ಮೇಲೆ ಹಾಕಬೇಕು, ಹಳೆಯದರ ಮೇಲಲ್ಲ. ಮತ್ತೆ ಮಾಡು."

ನಾನು ಅದನ್ನು ಎಷ್ಟು ಹೊತ್ತು ನೋಡಿದೆನೋ. ಅದು ನಿನ್ನ ಅಕ್ಷರವಾ ಅಕ್ಕಾ? ಒಂದೇ ಪತ್ರಿಕೆಯಲ್ಲಿ ಬರೆದೆಯಾ, ಎಲ್ಲದರಲ್ಲೂ ಬರೆದೆಯಾ? ಹೇಗಿತ್ತು ಒಳಗೆ? ಜಗಳ ಒಂದು ದಿನ ಪಕ್ಕಕ್ಕಿಡೋಣ, ಬರಿ.

ಚೋಟು


ಏಪ್ರಿಲ್ ೨೭

ಚೋಟು,

ನನ್ನದೇ ಅಕ್ಷರ. ಇನ್ಯಾರದಿರುತ್ತದೆ?

ನೀನು ಕೇಳಿದೆ ಅಂತ ಎಲ್ಲ ಹೇಳುತ್ತೇನೆ, ಬೇರೆ ಯಾರಿಗೂ ಹೇಳಿಲ್ಲ. ಹನ್ನೆರಡು ದಿನ, ದಿನಕ್ಕೆ ಮೂವತ್ತರಂತೆ ಮುನ್ನೂರ ಅರವತ್ತು ಪತ್ರಿಕೆ. ಉದ್ದನೆಯ ಹಾಲ್, ಕಾಲು ಅಲ್ಲಾಡುವ ಮೇಜುಗಳು, ಹುರಿ ಕಟ್ಟಿದ ಬಂಡಲುಗಳು. ಇಲಾಖೆಯ ಪಟ್ಟಿಯಲ್ಲಿ ನನ್ನ ಸಂಖ್ಯೆ ನೂರ ಹದಿನೇಳು. ಮೊದಲ ದಿನ ನಿಯಮದ ಹಾಳೆ ಹಂಚಿದರು. ಉತ್ತರಪತ್ರಿಕೆಯಲ್ಲಿ ಅಂಕ ಬಿಟ್ಟು ಒಂದಕ್ಷರವೂ ಬರೆಯಬಾರದು, ಬರೆದರೆ ಆ ಬಂಡಲೇ ರದ್ದು ಎಂದಿತ್ತು. ಓದಿದೆ. ಗಣಿತದವಳು ನಾನು, ನಿಯಮ ಅಂದರೆ ನನಗೆ ಗೌರವ. ಮೊದಲ ಹತ್ತು ಪತ್ರಿಕೆಗೆ ಬರೀ ಅಂಕ ಹಾಕಿದೆ. ತುಟಿ ಕಚ್ಚಿಕೊಂಡು ಕೂತೆ ಅಂತಲೇ ಹೇಳು.

ಹನ್ನೊಂದನೆಯದು ಈ ಹುಡುಗಿಯದೋ ಏನೋ, ಹೆಸರು ನಮಗೆ ಕಾಣಿಸುವುದಿಲ್ಲ. ಎಷ್ಟು ಚೆನ್ನಾಗಿ ಶುರು ಮಾಡಿದ್ದಳು ಗೊತ್ತಾ! ಸೂತ್ರ ಸರಿ, ಮೊದಲ ವರ್ಷ ಸರಿ, ಗೆರೆ ಎಳೆದದ್ದು ಕೂಡ ಸ್ಕೇಲಿಟ್ಟು. ಎರಡನೇ ವರ್ಷಕ್ಕೆ ಬಂದ ಕೂಡಲೇ ಹಳೆಯ ಅಸಲಿಗೆ ವಾಪಸ್ ಓಡಿದ್ದಾಳೆ, ನಿನ್ನ ಹಾಗೆಯೇ. ಪಕ್ಕದಲ್ಲಿ ಕೂತು "ಇಲ್ ನೋಡು ಪುಟ್ಟಾ" ಅಂದರೆ ಅರ್ಧ ನಿಮಿಷದ ಕೆಲಸ. ನಾನು ಸೊನ್ನೆ ಹಾಕಿ ಪುಟ ತಿರುಗಿಸಬೇಕಂತೆ. ತಪ್ಪು ಅಂತ ಹೇಳಿ, ಯಾಕೆ ತಪ್ಪು ಅಂತ ಹೇಳದೆ ಎದ್ದು ಹೋಗುವುದು ನನ್ನ ಕೈಲಿ ಆಗಲಿಲ್ಲ. ಬರೆದೆ. ಬರೆದ ಮೇಲೆ ಹಿಂದಿನ ಹತ್ತನ್ನೂ ಬಿಚ್ಚಿ ಅವುಗಳಲ್ಲೂ ಬರೆದೆ. ಆ ಹತ್ತು ಮಕ್ಕಳೇನು ಪಾಪ ಮಾಡಿದ್ದರು?

ಮುಖ್ಯ ಮೌಲ್ಯಮಾಪಕ ನನ್ನ ಹಳೆಯ ವಿದ್ಯಾರ್ಥಿ. ಮೂರನೇ ದಿನ ನನ್ನ ಬೆನ್ನ ಹಿಂದೆ ಬಂದು ನಿಂತ. "ಮೇಡಂ, ಬರೀಬಾರ್ದು ಅಂತ..." ಅಂದ. "ನೀನು ನಿನ್ನ ಜಾಗಕ್ಕೆ ಹೋಗಿ ಕೂತ್ಕೋ" ಅಂದೆ. ಹೋಗಿ ಕೂತ. ಪಾಪ, ತಲೆ ನರೆತಿದೆ ಅವನಿಗೂ.

ತಮಾಷೆ ಕೇಳು. ಐದನೇ ದಿನ ಟೀ ಕುಡಿಯಲು ಎದ್ದಾಗ ಪಕ್ಕದ ಮೇಜಿನ ಭಾಷಾ ಪಂಡಿತರ ಪತ್ರಿಕೆ ಕಣ್ಣಿಗೆ ಬಿತ್ತು. ಅವರೂ ಮಾರ್ಜಿನ್ ತುಂಬಾ ಬರೆದಿದ್ದಾರೆ! ಮೊಣಕೈ ಅಡ್ಡ ಇಟ್ಟು ಮುಚ್ಚಿಕೊಂಡರು, ಕಾಪಿ ಹೊಡೆಯುವ ಹುಡುಗರ ಹಾಗೆ. ಆಮೇಲೆ ನೋಡಿದರೆ ಇಡೀ ಹಾಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಮೊಣಕೈ ಅಡ್ಡವೇ ಇತ್ತು.

ಆ ಹುಡುಗಿಗೆ ಹೇಳು, ಗೆರೆ ಚೆನ್ನಾಗಿ ಎಳೆಯುತ್ತಾಳೆ ಅಂತ. ಮುಂದಿನ ಸಲ ಪಾಸಾಗುತ್ತಾಳೆ.

ನೀನು ಕೇಳಿದ್ದು ಸಂತೋಷವಾಯಿತು ಚೋಟು. ನಿಜವಾಗಿ. ಭಾನುವಾರ ಬಂದರೆ ಬಾ, ಬಿಡುವಿದ್ದರೆ.

ಅಕ್ಕ


ಮೇ ೬

ಅಕ್ಕಾ,

ಭಾನುವಾರ ಬರಲಿಲ್ಲ. ಯಾಕೆ ಅಂತ ನಾಳೆಯ ಪತ್ರಿಕೆಯಲ್ಲಿ ಬರುತ್ತದೆ. ಅದಕ್ಕಿಂತ ಮೊದಲು ನಿನ್ನ ಕೈ ಸೇರಲಿ ಎಂದು ಇದನ್ನು ಅಂಚೆಗೆ ಹಾಕದೆ ಬಾಗಿಲ ಸಂದಿನಲ್ಲಿ ತೂರಿಸಿ ಹೋಗುತ್ತಿದ್ದೇನೆ. ಒಳಗೆ ದೀಪ ಇದೆ. ತಟ್ಟುವ ಧೈರ್ಯವಿಲ್ಲ.

ಹೊಲಿಗೆಯವಳು ತಂದ ನಕಲು ಪ್ರತಿಯನ್ನು ಇವತ್ತು ಸಂಘದ ಸಭೆಯಲ್ಲಿ ಮೇಜಿನ ಮೇಲಿಟ್ಟೆ. ಅದು ಯಾರೋ ಆಮೇಲೆ ಬರೆದದ್ದು ಅಂತ ಇಲಾಖೆಯವರು ಜಾರಿಕೊಳ್ಳುತ್ತಾರೆ ಅಂತ ವಕೀಲರು ಹೇಳಿದರು. ಆಗ ನಿನ್ನ ಪತ್ರವನ್ನೂ ಇಟ್ಟೆ. ಸಂಜೆ ವರದಿಗಾರರ ಮುಂದೆ ಅದನ್ನು ಓದಿದೆ. ಮುನ್ನೂರ ಅರವತ್ತು, ನೂರ ಹದಿನೇಳು, ಮೊಣಕೈ, ಎಲ್ಲ.

ನಿನ್ನನ್ನು ಕೇಳಿ ಬರೆದಾಗ ಇದು ತಲೆಯಲ್ಲಿರಲಿಲ್ಲ ಅಂತ ಬರೆಯಲು ಹೊರಟಿದ್ದೆ. ಸುಳ್ಳು. ಅರ್ಧ ಇತ್ತು. ಆ ಮಾರ್ಜಿನ್ ನೋಡಿದಾಗ ಅತ್ತೆ. ಕಣ್ಣೊರೆಸಿಕೊಂಡ ಮೇಲೆ ನಿಯಮ ನೆನಪಾಯಿತು. ನೀನು ಹೂಂ ಅಂತ ಒಂದು ಸಾಲು ಬರೆಯುತ್ತೀಯ ಅಂದುಕೊಂಡಿದ್ದೆ, ಎರಡು ಹಾಳೆ ಬರೆದೆ.

ಇಪ್ಪತ್ತಮೂರು ಜನ ಅಕ್ಕಾ. ಒಂದು ಕಡೆ ಅವರ ಕೆಲಸ, ಇನ್ನೊಂದು ಕಡೆ ನಿನ್ನ ಹೆಸರು. ತೂಗಿ ನೋಡಿದೆ. ನೀನೇ ಕಲಿಸಿದ ಲೆಕ್ಕ.

ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ನೀನು ಅದಕ್ಕೂ ಅಂಕ ಹಾಕುತ್ತೀಯ.

ಚೋಟು


ಮೇ ೨೧

ಕಾರ್ಯದರ್ಶಿಯವರಿಗೆ,

ಹದಿನೈದು ದಿನ ಬರೆಯಲಿಲ್ಲ. ಸಿಟ್ಟಿನಲ್ಲಿ ಓರೆಯಾದ ಅಕ್ಷರದಲ್ಲಿ ನಿಮಗೆ ಬರೆಯುವುದು ಬೇಡವೆನಿಸಿತು.

ಬಂಡಲುಗಳನ್ನು ಬಿಚ್ಚಿಸಿದರಂತೆ. ಮೂವತ್ತಾರು ಜನರಲ್ಲಿ ಇಪ್ಪತ್ತೊಂಬತ್ತು ಜನ ಬರೆದಿದ್ದರಂತೆ. ಇಡೀ ಮೌಲ್ಯಮಾಪನ ರದ್ದಾಯಿತಂತೆ. ಮತ್ತೆ ಮಾಡಲು ಜನ ಬೇಕು, ಜನ ನಿಮ್ಮ ಹತ್ತಿರ ಇದ್ದಾರೆ, ಮಾತುಕತೆಗೆ ಕರೆದಿದ್ದಾರೆ. ಗೆದ್ದಿರಿ. ಇಪ್ಪತ್ತೊಂಬತ್ತರಲ್ಲಿ ಪತ್ರಿಕೆಯಲ್ಲಿ ಹೆಸರು ಬಂದದ್ದು ಮಾತ್ರ ಒಬ್ಬಳದೇ, ಯಾಕೆಂದರೆ ತಂಗಿ ಇದ್ದದ್ದು ಅವಳಿಗೊಬ್ಬಳಿಗೇ.

ಅದು ಅಚ್ಚಾದ ದಿನ ಬೆಳಿಗ್ಗೆ ಕೆಳಗಿನ ಅಂಗಡಿಯವನು ನನಗೆ ಪತ್ರಿಕೆ ಕೊಡಲಿಲ್ಲ. "ಇವತ್ತು ಬಂದಿಲ್ಲ ಟೀಚರ್" ಅಂದ. ಅವನ ಹಿಂದಿನ ಶೆಲ್ಫಿನಲ್ಲಿ ಇಪ್ಪತ್ತು ಇದ್ದವು. ಅವನ ಕರುಣೆ ನೋಡಿ ನನಗೆ ಹೆಚ್ಚು ಅವಮಾನವಾಯಿತು. ಬೀದಿಯಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳು ಎದುರಾಗಿ, ಮಾತಾಡಿಸಬೇಕೋ ಬೇಡವೋ ಎಂದು ಗೊತ್ತಾಗದೆ ಮಗುವಿನ ಚಪ್ಪಲಿ ಸರಿ ಮಾಡುತ್ತಾ ಬಗ್ಗಿದಳು. ಇಲಾಖೆಯ ಬಾಗಿಲಿಗೆ ಚೀಟಿ ಅಂಟಿಸಿದ್ದಾರೆ: ಮೌಲ್ಯಮಾಪಕಿ ನೂರ ಹದಿನೇಳು, ಆಜೀವ ನಿಷೇಧ. ಹೋಗಿ ನೋಡಿ ಬಂದೆ. ನನ್ನ ಆ ಹಳೆಯ ವಿದ್ಯಾರ್ಥಿಯನ್ನು ಅಮಾನತು ಮಾಡಿದ್ದಾರೆ. ಅವನು ಮಾಡಿದ ತಪ್ಪು, ನಾನು ಕೂತ್ಕೋ ಅಂದಾಗ ಕೂತದ್ದು.

ಇದೆಲ್ಲ ಸಹಿಸಿಕೊಳ್ಳಬಹುದು. ಗೇಟಿನಲ್ಲಿ ನಾನು ನಿಮ್ಮ ಅಕ್ಕ ಅಲ್ಲ ಅಂದಿರಿ. ವರದಿಗಾರರ ಮುಂದೆ "ನಮ್ಮಕ್ಕ ನನಗೆ ಬರೆದ ಪತ್ರ" ಅಂತ ಶುರು ಮಾಡಿದಿರಂತೆ. ಬೇಕಾದಾಗ ಅಕ್ಕ.

ಆ ಇಪ್ಪತ್ತಮೂರು ಜನ ಉಳಿಯಲಿ. ಅವರ ಜಾಗದಲ್ಲಿ ನಿಂತವಳು ನಾನು. ಏಪ್ರಿಲ್‌ನಲ್ಲಿ ಬಾಗಿಲು ತಟ್ಟಿ, "ಅಕ್ಕಾ, ಇದನ್ನ ಕೊಡ್ಬೇಕು, ನಿನ್ ಹೆಸರು ಹೋಗತ್ತೆ" ಅಂತ ಎದುರಿಗೆ ನಿಂತು ಹೇಳಿದ್ದರೆ, ನಾನೇ ಬಂದು ಓದುತ್ತಿದ್ದೆನೋ, ಬೈದು ಕಳಿಸುತ್ತಿದ್ದೆನೋ. ಗೊತ್ತಿಲ್ಲ. ನನಗೇ ಗೊತ್ತಾಗದ ಹಾಗೆ ಮಾಡಿದಿರಿ. ಅದೊಂದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಇನ್ನು ನನಗೆ ಬರೆಯಬೇಡಿ.

ನೂರ ಹದಿನೇಳು


ಜೂನ್ ೧೪

ಅಕ್ಕಾ,

ಬರೆಯಬೇಡ ಅಂದದ್ದು ಗೊತ್ತು. ಓದದಿದ್ದರೂ ಪರವಾಗಿಲ್ಲ, ಇದು ನಿನ್ನ ಮನೆಯಲ್ಲಿರಬೇಕಾದ ಕಾಗದ. ಒಪ್ಪಂದದ ಕರಡು. ಶುಕ್ರವಾರ ಬೆಳಿಗ್ಗೆ ಸಹಿ.

ಎರಡು ವರ್ಷ, ವರ್ಷಕ್ಕೆ ಹತ್ತು ಪರ್ಸೆಂಟ್ ಏರಿಕೆ. ಇಪ್ಪತ್ತಮೂರು ನೋಟಿಸ್ ವಾಪಸ್. ಮೂರನೇ ಕಲಮು ನೋಡು. ಕೊನೆಯ ದಿನ ಅವರು ಅದನ್ನು ತೆಗೆಯಿರಿ, ಮಿಕ್ಕದ್ದಕ್ಕೆ ಒಪ್ಪುತ್ತೇವೆ ಅಂದರು. ನಮ್ಮವರಲ್ಲೂ ನಾಲ್ಕು ಜನ ಆಗಲಿ ಅಂದರು. ನಾನು ಕುರ್ಚಿಯಿಂದ ಏಳಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಕೂತವಳು ಸಂಜೆ ಆರಕ್ಕೆ ಎದ್ದೆ, ಕಲಮು ಉಳಿಯಿತು. ಯಾರಿಗೂ ಸಿಹಿ ಹಂಚಿಲ್ಲ.

ಅವರು ಒಪ್ಪಿದ ಮೇಲೆ ಮರುಮೌಲ್ಯಮಾಪನ ಮಾಡಿದ್ದು ನಾವು. ನಿನ್ನ ಮುನ್ನೂರ ಅರವತ್ತು ಪತ್ರಿಕೆ ನಮ್ಮ ಶಾಲೆಯ ಗಣಿತದವರ ಪಾಲಿಗೆ ಬಂದವು. ಒಂದರಲ್ಲೂ ಅರ್ಧ ಅಂಕ ವ್ಯತ್ಯಾಸ ಬರಲಿಲ್ಲ ಅಂದರು. ಹೊಲಿಗೆಯವಳ ಮಗಳು ಮತ್ತೆ ಮೂರೇ ಅಂಕಕ್ಕೆ ಫೇಲು. ತಾಯಿ ಈಗ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ. "ಅಷ್ಟು ಒಳ್ಳೆಯವರನ್ನ ಬೀದಿಗೆ ತಂದ್ರಲ್ಲ" ಅಂದಳು. 

ನಾನು ಮಾಡಿದ್ದನ್ನು ಇನ್ನೊಮ್ಮೆ ಮಾಡಬೇಕಾಗಿ ಬಂದರೂ ಮಾಡುತ್ತೇನೆ ಅಂತ ಸಂಘದಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ. ಬಾಗಿಲು ತಟ್ಟದೆ ಮಾತ್ರ ಮಾಡುವುದಿಲ್ಲ. ಇಷ್ಟೇ ಹೇಳಬೇಕಾಗಿತ್ತು.

ಚೋಟು


ಜೂನ್ ೧೬

ಶಿಕ್ಷಕರ ಸಂಘದ ಕಾರ್ಯದರ್ಶಿಯವರಿಗೆ,

ತಾವು ಕಳಿಸಿದ ಕರಡು ಇದರೊಂದಿಗೆ ವಾಪಸ್. ಹರಿದು ಹಾಕೋಣ ಎಂದು ಕೈಗೆತ್ತಿಕೊಂಡೆ. ಓದದೆ ಹರಿಯುವ ಅಭ್ಯಾಸವಿಲ್ಲ, ಓದಿದೆ.

ಮೂರನೇ ಕಲಮಿನ ಪಕ್ಕ ಸರಿ ಗುರುತು ಹಾಕಿದ್ದೇನೆ.

ನಾಲ್ಕನೇ ಪುಟದ ಸಂಬಳದ ಪಟ್ಟಿ ತಪ್ಪು. ಎರಡನೇ ವರ್ಷದ ಹತ್ತು ಪರ್ಸೆಂಟ್, ಏರಿದ ಸಂಬಳದ ಮೇಲೆ ಎಂದು ಮೊದಲ ಪುಟದಲ್ಲಿ ಅವರೇ ಬರೆದಿದ್ದಾರೆ. ಪಟ್ಟಿಯಲ್ಲಿ ಅದನ್ನು ಹಳೆಯ ಸಂಬಳದ ಮೇಲೆ ಹಾಕಿದ್ದಾರೆ. ಮೂವತ್ತು ಸಾವಿರದವರಿಗೆ ಮೂವತ್ತಾರು ಸಾವಿರ ಎಂದಿದೆ, ಆಗಬೇಕಾದದ್ದು ಮೂವತ್ತಾರು ಸಾವಿರದ ಮುನ್ನೂರು. ತಿಂಗಳಿಗೆ ತಲೆಗೆ ಮುನ್ನೂರು, ನಿವೃತ್ತಿಯವರೆಗೆ. ಸಹಿ ಬಿದ್ದ ಮೇಲೆ ಪಟ್ಟಿಯೇ ಅಂತಿಮ ಎಂದು ಕೊನೆಯ ಸಾಲಿನಲ್ಲಿದೆ. ಸಂಘದಲ್ಲಿ ಸಾವಿರಾರು ಜನ ಇದ್ದೀರಿ, ಒಬ್ಬರೂ ಕೂಡಿ ನೋಡಲಿಲ್ಲ. ಶುಕ್ರವಾರಕ್ಕೆ ಎರಡೇ ದಿನವಿದೆ, ಅದಕ್ಕೇ ಇದನ್ನು ಅಂಗಡಿಯವನ ಕೈಲಿ ಈಗಲೇ ಕಳಿಸುತ್ತಿದ್ದೇನೆ.

ಇದು ರಾಜಿಯಲ್ಲ. ಬಾಗಿಲು ಈಗ ತಟ್ಟಿದರೂ ತೆಗೆಯುವುದಿಲ್ಲ. ತಪ್ಪು ಲೆಕ್ಕ ನೋಡಿಕೊಂಡು ಸುಮ್ಮನಿರಲು ನನಗೆ ಬರುವುದಿಲ್ಲ, ಅಷ್ಟೆ. ಯಾರು ತಿದ್ದಿದರು ಎಂದು ಕೇಳಿದರೆ ಈ ಪತ್ರವನ್ನೂ ಎಲ್ಲರ ಮುಂದೆ ಓದಿ. ತಮಗೆ ರೂಢಿಯಿದೆ.

ಪಟ್ಟಿಯ ಮಾರ್ಜಿನ್ನಿನಲ್ಲಿ ಬರೆದಿದ್ದೇನೆ: ಎರಡನೇ ವರ್ಷ ಹೊಸದರ ಮೇಲೆ ಹಾಕಬೇಕು, ಹಳೆಯದರ ಮೇಲಲ್ಲ. ಮತ್ತೆ ಮಾಡು.

ಸಹಿ ಹಾಕುತ್ತಿಲ್ಲ. ಅಕ್ಷರ ನಿನಗೆ ಗೊತ್ತಿದೆ.